ಲೈಟಿಂಗ್ ಅಣ್ಣಂಗೆ, ಮತ್ತೆ ನಿಮಗೆಲ್ಲ

ಭಾನುವಾರ ಪುಸ್ತಕ ಬಿಡುಗಡೆ ಆಯ್ತು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಅಂತ ಸುತ್ತಿ ನೋಡಿದ ನಾಟಕಗಳ ಬಗ್ಗೆ ಹನ್ನೆರಡು ವರ್ಷ ಬರೆದಿದ್ದೆಲ್ಲ ಕೊನೆಗೂ ಒಂದು ಕಡೆ ಸೇರ್ತು. ಜುಲೈಲಿ ಒಂದು ರಾತ್ರಿ ಮಳೆಗೆ ಮನೆಯ ಹೆಂಚು ಹಾರಿದ್ದು ನಿಮಗೆ ಗೊತ್ತೇ ಇದೆ, ಅದನ್ನೇ ಮತ್ತೆ ಹೇಳಲ್ಲ. ಆ ರಾತ್ರಿ ಬಂದವರ ಬಗ್ಗೆ ಹೇಳ್ಬೇಕು.

ನಾಟಕಗಳಿಗೆ ಬೆಳಕು ಹಾಕೋರು ಅವರು, ಹೆಸರು ಹಾಕ್ಬೇಡ ಅಂದಿದಾರೆ, ಹಾಗಾಗಿ ಲೈಟಿಂಗ್ ಅಣ್ಣ ಅಂತಾನೇ ಬರೀತೀನಿ. ಕರೆಂಟಿಲ್ಲ, ರಸ್ತೆಗೆ ಅಡ್ಡ ಮರ ಬಿದ್ದಿದೆ, ಹೆಂಚು ಹಾರಿ ಅಟ್ಟದ ಮೇಲಿದ್ದ ನೋಟ್‌ಬುಕ್ಕೆಲ್ಲ ನೆಂದು ಮುದ್ದೆ. ಅಣ್ಣ ಆ ಮಳೇಲಿ ನಡ್ಕೊಂಡೇ ಬಂದ್ರು, ಪ್ಲಾಸ್ಟಿಕ್ ಚೀಲದಲ್ಲಿ ಟಾರ್ಚು, ಹಳೇ ಪೇಪರಿನ ಕಟ್ಟು. "ಎಳೀಬೇಡ ಮಾರಾಯ, ಹರಿಯುತ್ತೆ" ಅಂತ ನನ್ನ ಕೈ ತಡೆದು, ಒಂದೊಂದು ಹಾಳೆ ನಡುವೆ ಪೇಪರ್ ತೂರ್ಸಿ, ನೀರು ಹೀರಿದ ಮೇಲೆ ಬದಲಾಯ್ಸಿ, ಆಮೇಲೆ ಒಲೆ ಹತ್ರ ಹಗ್ಗ ಕಟ್ಟಿ ಒಣಗಾಕಿ, ಬೆಳಗಿನ ತನಕ ಇದೇ ಕೆಲಸ.

ಬಾಲ್‌ಪೆನ್ನಲ್ಲಿ ಬರೆದಿದ್ದು ಉಳೀತು. ಇಂಕ್ ಪೆನ್ನಲ್ಲಿ ಬರೆದಿದ್ದು ಬರೀ ನೀಲಿ ಕಲೆ. ನಾನು ಆ ಹಾಳೆಗಳನ್ನ ಬಿಸಾಕೋಕೆ ಹೊರಟಿದ್ದೆ, ಅಣ್ಣ ನಾಟಕದ ಹೆಸರು ಕೇಳಿ ಕಣ್ಣು ಮುಚ್ಚಿ ಹೇಳ್ತಾ ಹೋದ್ರು: ಎರಡನೇ ಸೀನಲ್ಲಿ ರಾಜ ಬಲಗಡೆಯಿಂದ ಬರ್ತಿದ್ದ, ಹುಡುಗಿ ಕೂತ್ಕೊಂಡಾಗ ಡಿಮ್ಮರ್ ನಿಧಾನ ಇಳೀಬೇಕು, ಅವಳ ಕೊನೇ ಮಾತಿಗೆ ಮುಖದ ಮೇಲೆ ಮಾತ್ರ ಅಂಬರ್ ಬಣ್ಣದ ಹೊಂಬೆಳಕು. ಅವರಿಗೆ ಪೂರ್ತಿ ನಾಟಕ ಬೆಳಕಿನ ಲೆಕ್ಕದಲ್ಲೇ ನೆನಪಿತ್ತು. ನಾನು ಬರ್ಕೊಂಡೆ. ಪುಸ್ತಕದ ನಾಲ್ಕು ವಿಮರ್ಶೆ ಹೀಗೆ ವಾಪಸ್ ಬಂದಿದ್ದು.

ನಡುವೆ ಒಣಗಿದ ಒಂದು ಹಾಳೆ ತಗೊಂಡು ಜೋರಾಗಿ ಓದಿದ್ರು, "ಬೆಳಕಿನ ವಿನ್ಯಾಸ ನಾಟಕಕ್ಕೆ ಪೂರಕವಾಗಿತ್ತು." ಓದಿ ಏನೂ ಹೇಳ್ದೆ ಹಗ್ಗಕ್ಕೆ ಹಾಕಿದ್ರು. ಹನ್ನೆರಡು ವರ್ಷ ಅವರು ಹಾಕಿದ ಬೆಳಕಲ್ಲೇ ನಾಟಕ ನೋಡಿದೀನಿ, ಅವರ ಬಗ್ಗೆ ಬರೆದಿದ್ದು ಇಷ್ಟೇ, ಎಲ್ಲಾ ವಿಮರ್ಶೇಲೂ ಇದೇ ಸಾಲು. ಅಡುಗೆಮನೇಲಿ ಕೂತು ಅತ್ತುಬಿಟ್ಟೆ. ಹೆಂಚು ಹಾರಿದಾಗ ಅತ್ತಿರಲಿಲ್ಲ.

ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ಕೊಡವ ಭಾಷೇಲಿ ಯಯಾತಿಯ ನಾಟಕ ಬರೆದ್ರು, ಮಾತೆಲ್ಲ ನಮ್ಮ ಕೈಲಿದೆ, ಓದ್ಬಹುದು, ಆಡ್ಬಹುದು. ಆದ್ರೆ ಯಾವ ನಾಟಕದ್ದೇ ಆಗ್ಲಿ, ಆಡಿದ ಆ ರಾತ್ರಿ ನೋಡಿದವರು ಬರೆದಿಟ್ರೆ ಮಾತ್ರ ಉಳಿಯೋದು. ನಾನು ಬರೆದಿಟ್ಟಿದ್ರಲ್ಲಿ ಪರದೆ ಹಿಂದಿನವರು ಇರಲೇ ಇಲ್ಲ. ಈಗ ಪ್ರತಿ ವಿಮರ್ಶೆ ಕೆಳಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ ಮಾಡಿದವರ ಬಗ್ಗೆ ಒಂದು ಪ್ಯಾರಾ ಸೇರಿಸಿದೀನಿ, ಪುಸ್ತಕ ಎರಡು ತಿಂಗಳು ತಡ ಆಗಿದ್ದು ಇದಕ್ಕೇ.

ಹೆಂಚು ಹೊದೆಸಿದ ಪಕ್ಕದ ಮನೆಯವರು, ಕರಡು ತಿದ್ದಿದ ಮೇಷ್ಟ್ರು, ಫೋಟೋ ಕಳಿಸಿದ ತಂಡದವರು, ಊಟ ಕಳಿಸಿದ ಚಿಕ್ಕಮ್ಮ, ಭಾನುವಾರ ಮಂಜಲ್ಲಿ ಬಂದು ಕೂತ ನೀವೆಲ್ಲ, ತುಂಬಾ ಥ್ಯಾಂಕ್ಸ್.

ಅಣ್ಣ ಮಡಿಕೇರಿ ದಸರಾಕ್ಕೆ ಒಂದು ಮಂಟಪದ, ಅಂದ್ರೆ ಟ್ರಾಕ್ಟರ್ ಮೇಲೆ ಮೆರವಣಿಗೆ ಹೋಗೋ ದೇವರ ಕಥೆಯ ದೃಶ್ಯದ, ಲೈಟಿಂಗ್ ಒಪ್ಕೊಂಡಿದಾರೆ. ವಿಜಯದಶಮಿ ರಾತ್ರಿ ಹತ್ತು ಮಂಟಪ ಹೊರಟಾಗ ನಾನು ಈ ಸಲ ಜನರ ಜೊತೆ ಎದುರಿಗೆ ನಿಲ್ಲಲ್ಲ, ಟ್ರಾಕ್ಟರ್ ಹಿಂದೆ ಜನರೇಟರ್ ಹತ್ರ ಅಣ್ಣನ ಪಕ್ಕ ಇರ್ತೀನಿ. ಹೊಸ ನೋಟ್‌ಬುಕ್ ತಗೊಂಡಿದೀನಿ, ಬಾಲ್‌ಪೆನ್ನೂ.