ಸಿದ್ದಿ ಮಹಿಳೆಯರ ಆರೋಗ್ಯ: ಅಧ್ಯಯನ ಅವರ ಒಪ್ಪಿಗೆಯಿಂದಲೇ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂವಹನ ಪ್ರಾಧ್ಯಾಪಕಿ ಮೋಯಾ ಬೈಲಿ ಅವರು, ಕಪ್ಪು ಮಹಿಳೆಯರು ತಮ್ಮ ಆರೋಗ್ಯ ಮತ್ತು ನೆಮ್ಮದಿಗಾಗಿ ಸಾಮಾಜಿಕ ಜಾಲತಾಣಗಳನ್ನು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ಜನಾಂಗದ್ವೇಷ ಮತ್ತು ಸ್ತ್ರೀದ್ವೇಷ ಎರಡೂ ಒಟ್ಟಾಗಿ ಕಪ್ಪು ಹೆಣ್ಣುಮಕ್ಕಳ ಮೇಲೆ ಎರಗುವುದನ್ನು ಹೇಳಲು ‘ಮಿಸೋಜಿನ್ವಾರ್’ ಎಂಬ ಪದವನ್ನು ಕೊಟ್ಟವರೂ ಅವರೇ. ಆಫ್ರಿಕಾ ಮೂಲದ ಸಿದ್ದಿ ಸಮುದಾಯ ತಲೆಮಾರುಗಳಿಂದ ಬಾಳುತ್ತಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಅಧ್ಯಯನದ ಅಗತ್ಯ ಬಹಳವಿದೆ.

ಅಮೆರಿಕದಲ್ಲಿ 2023ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕಪ್ಪು ತಾಯಂದಿರ ಮರಣ ಪ್ರಮಾಣ 50.3 ಇದ್ದರೆ, ಬಿಳಿಯ ತಾಯಂದಿರದ್ದು 14.5 ಇತ್ತು. ಹಣವಿದ್ದರೂ ಹೆಸರಿದ್ದರೂ ಪರಿಸ್ಥಿತಿ ಬದಲಾಗದು ಎಂಬುದಕ್ಕೆ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರೇ ಸಾಕ್ಷಿ. 2017ರಲ್ಲಿ ಹೆರಿಗೆಯಾದ ಮರುದಿನ ಉಸಿರು ಕಟ್ಟಿದಂತಾಗಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಸಿಟಿ ಸ್ಕ್ಯಾನ್ ಮಾಡಿ ಎಂದು ಅವರೇ ಹೇಳಿದರೂ ಮೊದಲು ಕಾಲಿನ ಪರೀಕ್ಷೆ ನಡೆಯಿತು. ಸ್ಕ್ಯಾನ್ ಮಾಡಿದಾಗ ಅವರು ಹೇಳಿದ್ದೇ ನಿಜವಾಗಿತ್ತು. 2018ರಲ್ಲಿ ಅವರು ಇದನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಅನೇಕ ಕಪ್ಪು ತಾಯಂದಿರು ಜಾಲತಾಣಗಳಲ್ಲಿ ತಮ್ಮ ಹೆರಿಗೆಯ ಅನುಭವಗಳನ್ನು ಬರೆದರು.

ನಮ್ಮಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಜಾಲತಾಣದಲ್ಲಿ ಕಾಣುವ ಸಿದ್ದಿ ಮಹಿಳೆ ಯಾರು? ಹೊರಗಿನಿಂದ ಬಂದವರು ಮೊಬೈಲ್ ಹಿಡಿದು ‘ಕನ್ನಡ ಮಾತನಾಡುವ ಆಫ್ರಿಕನ್ನರು’ ಎಂದು ಬೆರಗಿನಿಂದ ತೋರಿಸುವ ರೀಲ್ಸ್‌ಗಳಲ್ಲಿ ಆಕೆ ಡಮಾಮಿ ಬಾರಿಸುತ್ತಾಳೆ, ಕುಣಿಯುತ್ತಾಳೆ. ಕೌದಿ ಹೊಲಿದು ಬೆನ್ನು ನೋಯುತ್ತದೆಯೇ, ಬಸುರಿಯಿದ್ದಾಗ ಊರಿನಿಂದ ಆಸ್ಪತ್ರೆಗೆ ಹೇಗೆ ಹೋದೆ ಎಂದು ಕೇಳುವವರಿಲ್ಲ. ಸರ್ಕಾರಿ ಆಸ್ಪತ್ರೆಯೊಂದರ ಚೀಟಿ ಬರೆಸುವ ಸರದಿಯಲ್ಲಿ, ಕೂಸನ್ನು ಎತ್ತಿಕೊಂಡಿದ್ದ ಸಿದ್ದಿ ತಾಯಿಯೊಬ್ಬರು ಊರಿನ ಹೆಸರು ಹೇಳಿದ ಮೇಲೂ ‘ಅದಲ್ಲ, ನಿಮ್ಮ ಮೂಲ ಯಾವುದು’ ಎಂದು ಅವರನ್ನು ಮತ್ತೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಸಿಗೆ ಜ್ವರವಿತ್ತು. ಆ ಪ್ರಶ್ನೆಯ ಅಗತ್ಯ ಅಲ್ಲಿ ಏನಿತ್ತು?

ಆರೋಗ್ಯಕ್ಕಾಗಿ ಜಾಲತಾಣವನ್ನು ಬಳಸುವುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಪಕ್ಕದ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದ ನಂತರ, ನಮ್ಮ ಜಿಲ್ಲೆಗೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಎಷ್ಟು ಬಲವಾಗಿ ಎದ್ದಿತೆಂಬುದು ಓದುಗರಿಗೆ ನೆನಪಿದೆ. ಆ ಕೂಗಿನಲ್ಲಿ ಘಟ್ಟದ ಮೇಲಿನ ಸಿದ್ದಿ ಹೆಣ್ಣುಮಕ್ಕಳ ದನಿ ನನಗಂತೂ ಕೇಳಿಸಲಿಲ್ಲ.

ಬೈಲಿ ಅವರ ಕೆಲಸದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಅವರ ವಿಧಾನ. ಟ್ರಾನ್ಸ್‌ಜೆಂಡರ್ ಮಹಿಳೆಯರ ‘ಗರ್ಲ್ಸ್ ಲೈಕ್ ಅಸ್’ ಹ್ಯಾಷ್‌ಟ್ಯಾಗ್ ಕುರಿತು ಸಂಶೋಧನೆ ಮಾಡುವ ಮುನ್ನ, ಅದನ್ನು ಆರಂಭಿಸಿದ ಲೇಖಕಿ ಜಾನೆಟ್ ಮಾಕ್ ಅವರ ಒಪ್ಪಿಗೆಯನ್ನು ಅವರು ಕೇಳಿದರು. ಎಲ್ಲರಿಗೂ ಕಾಣುವ ಬರಹವಾದರೂ ಬರೆದವರ ಅನುಮತಿ ಬೇಕು ಎಂಬ ಈ ನಿಲುವನ್ನು ನಮ್ಮಲ್ಲಿ ರೀಲ್ಸ್ ಮಾಡುವವರೂ ಸಂಶೋಧಕರೂ ಪಾಲಿಸಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವು ಇಂಥ ಅಧ್ಯಯನವೊಂದನ್ನು ಕೈಗೆತ್ತಿಕೊಂಡು, ಓದಿರುವ ಸಿದ್ದಿ ಯುವತಿಯರನ್ನೇ ಗೌರವಧನ ಕೊಟ್ಟು ಸಂಶೋಧಕಿಯರನ್ನಾಗಿ ನೇಮಿಸಿಕೊಳ್ಳಬೇಕೆಂದು ಕೋರುತ್ತೇನೆ. ಏನು ಕೇಳಬೇಕು, ಯಾವುದನ್ನು ಪ್ರಕಟಿಸಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ತಮ್ಮ ಪತ್ರಿಕೆಯೂ ಜಿಲ್ಲಾ ಪುಟದಲ್ಲಿ ಅವರ ಆರೋಗ್ಯದ ಬಗ್ಗೆ ಅವರೇ ಬರೆಯುವ ಅಂಕಣಕ್ಕೆ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಉಪನ್ಯಾಸಕಿ, ಶಿರಸಿ