ಸುಲಭ ಅಂದರೆ ಯಾರಿಗೆ?

ಪ್ರೀತಿಯ ಪುಟ್ಟಿಗೆ,

ನಿನ್ನ ಮಾವನ ಆಶೀರ್ವಾದಗಳು. ನೀನು ಕಳಿಸಿದ ನಕ್ಷೆ ಬಂತು. ಹತ್ತಿರದ ಸಂರಕ್ಷಿತ ಕಾಡಿಗೆ ಎಲ್ಲರೂ ಸೇರಿ ಹೋಗುತ್ತೀರಂತೆ. ಆರು ಕಿಲೋಮೀಟರ್ ಹಾದಿ, ಪಕ್ಕದಲ್ಲಿ ‘ಸುಲಭ’ ಅಂತ ಬೇರೆ ಬರೆದಿದೆ, ಇದಕ್ಕೆಲ್ಲ ತಯಾರಿ ಏನು ಮಾವ ಅಂತ ಕೇಳಿದ್ದೀಯ. ಆ ‘ಸುಲಭ’ ಅಂತ ಬರೆದವರು ನಿಮ್ಮಮ್ಮನ ಮೊಣಕಾಲನ್ನು ನೋಡಿಲ್ಲ ಪುಟ್ಟಿ. ನನ್ನ ತಕರಾರು ಅಷ್ಟೇ.

ನನ್ನ ಅಕ್ಕನ ಸ್ವಭಾವ ನನಗೆ ಗೊತ್ತು. ನೋವಾದರೆ ಬಾಯಿಬಿಟ್ಟು ಹೇಳುವವಳಲ್ಲ. ‘ನೀವು ನಡೀರಿ, ನಾನು ಬರ್ತಾ ಇರ್ತೀನಿ’ ಅನ್ನುತ್ತಾಳೆ. ಆ ಮಾತು ಬಂತು ಅಂದರೆ ಅರ್ಧ ಗಂಟೆಯಿಂದ ನೋಯುತ್ತಿದೆ ಅಂತಲೇ ತಿಳಿದುಕೋ.

ಮೊದಲು ಹೊತ್ತಿನ ಲೆಕ್ಕ ಹಾಕು. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿಯೊಬ್ಬರು ಒಂದು ಸೂತ್ರ ಕೊಟ್ಟರು. ಚಾರಣದವರು ಈಗಲೂ ಅದನ್ನೇ ಬಳಸುತ್ತಾರೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿನ್ನ ಹಾದಿಯಲ್ಲಿ ಏರು ಒಟ್ಟು 150 ಮೀಟರ್ ಇದೆ. ಅಲ್ಲಿಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಆಯಿತು. ಆದರೆ ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ. ನಿನ್ನ ಜೊತೆ ಆರು ವರ್ಷದ ಮಗ ಇದ್ದಾನೆ. ಅವನು ಇರುವೆ ಸಾಲು ಕಂಡಲ್ಲೆಲ್ಲ ಕುಕ್ಕರುಗಾಲಲ್ಲಿ ಕೂರುತ್ತಾನೆ, ಕೂರಲಿ ಬಿಡು, ಕಾಡಿಗೆ ಕರೆದುಕೊಂಡು ಹೋಗುವುದೇ ಅದಕ್ಕಲ್ವಾ? ಹಾಗಾಗಿ ಲೆಕ್ಕವನ್ನು ದುಪ್ಪಟ್ಟು ಮಾಡು. ಮೂರು ಗಂಟೆ. ಅದು ನಿಮ್ಮ ಹಾದಿಯ ನಿಜವಾದ ಉದ್ದ.

ಇನ್ನೊಂದು, ನೀನು ಆರಿಸಿರುವುದು ಸುತ್ತು ಹಾದಿ. ಸುತ್ತು ಹಾಕುವ ಹಾದಿಯಲ್ಲಿ ಅರ್ಧ ದಾಟಿದ ಮೇಲೆ ವಾಪಸ್ ತಿರುಗಿದರೂ ಲಾಭ ಇಲ್ಲ, ಮುಂದೆ ಹೋದಷ್ಟೇ ದೂರ. ಹೋದ ದಾರಿಯಲ್ಲೇ ಹಿಂತಿರುಗುವ ಹಾದಿ ಇದ್ದರೆ ಅದನ್ನೇ ತೆಗೆದುಕೋ. ಎಲ್ಲಿ ಬೇಕಾದರೂ ‘ಸಾಕು’ ಅನ್ನಬಹುದು. ಒಂದೇ ಮರಗಳನ್ನು ಎರಡು ಸಲ ನೋಡಬೇಕಲ್ಲ ಅಂತ ನಿನ್ನ ಗಂಡ ಗೊಣಗಬಹುದು. ಬರುವಾಗ ಬೆಳಕು ಬೇರೆ ಕಡೆಯಿಂದ ಬೀಳುತ್ತದೆ, ಅದೇ ಮರ ಬೇರೆಯೇ ಕಾಣುತ್ತದೆ ಅಂತ ಹೇಳು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ ನೋಡು. ಅಲ್ಲಿ ದಾರಿ ಕಡಿದಾಗಿರುತ್ತದೆ. ಹತ್ತುವಾಗ ಉಬ್ಬಸ ಬರುತ್ತದೆ ಅಷ್ಟೇ, ಮೊಣಕಾಲಿಗೆ ಏಟು ಬೀಳುವುದು ಇಳಿಯುವಾಗ. ಅಮ್ಮನ ಕೈಗೆ ಒಂದು ಕೋಲು ಕೊಡು. ಬೇಡ ಅಂದೇ ಅನ್ನುತ್ತಾಳೆ. ‘ನನ್ನದು ಸ್ವಲ್ಪ ಹಿಡ್ಕೋ’ ಅಂತ ಕೊಟ್ಟುಬಿಡು.

ನಡೆಯುವಾಗ ಅವಳನ್ನೇ ಮುಂದೆ ಬಿಡು. ಹಿಂದೆ ಉಳಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ ಗೊತ್ತಾ? ಮುಂದಿನವರು ಕೂತು ಸುಧಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತ ಬಂದ ಕೂಡಲೇ ‘ಹೊರಡೋಣವಾ?’ ಅಂತ ಎದ್ದುಬಿಡುತ್ತಾರೆ.

ಇದು ಅನುಭವಿಸಿ ಹೇಳುತ್ತಿರುವುದು. ವಯಸ್ಸಿನಲ್ಲಿದ್ದಾಗ ಗೆಳೆಯರ ಜೊತೆ ಇಂಥದ್ದೇ ಒಂದು ಸುಲಭದ ಹಾದಿಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಕೊಂಡ ಶೂ. ಎರಡು ಕಿಲೋಮೀಟರಿಗೇ ಹಿಮ್ಮಡಿ ಉರಿ ಶುರುವಾಯಿತು. ಹೇಳೋಕೆ ನಾಚಿಕೆ. ‘ನೀವು ನಡೀರಿ’ ಅಂದೆ, ನಿಮ್ಮಮ್ಮನ ಹಾಗೇ! ಹಠ ನಮ್ಮ ಮನೆತನದ್ದು. ಕೊನೆಗೆ ಬೊಬ್ಬೆ ಒಡೆದು, ಕುಂಟುತ್ತ ಆಚೆ ಬರುವ ಹೊತ್ತಿಗೆ ದಾರಿ ಕಾಣದಷ್ಟು ಕತ್ತಲೆ. ಬಯಲಲ್ಲಾದರೆ ಕೈ ಚಾಚಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ, ಬೆರಳಿಗೆ ಸುಮಾರು ಕಾಲು ಗಂಟೆ ಅಂತ ಅಂದಾಜು ಮಾಡಬಹುದು. ಮರಗಳ ನಡುವೆ ದಿಗಂತ ಎಲ್ಲಿಂದ ತರೋದು? ಸೂರ್ಯ ಮುಳುಗುವ ಮೊದಲೇ ಅಲ್ಲಿ ಮಬ್ಬು ಕವಿದಿರುತ್ತದೆ. ಅದಕ್ಕೇ ಬೆಳಿಗ್ಗೆಯೇ ಹೊರಡು. ಇಷ್ಟು ಹೊತ್ತಾದರೆ ಎಲ್ಲಿದ್ದರೂ ಸರಿ, ತಿರುಗಿಬಿಡೋದು ಅಂತ ಒಂದು ಸಮಯ ಗೊತ್ತು ಮಾಡಿಕೋ. ಆ ಸಮಯವನ್ನು ಮನೆಯಲ್ಲೇ ತೀರ್ಮಾನಿಸು. ಅಲ್ಲಿ ಹೋದ ಮೇಲೆ ‘ಇನ್ನೊಂದು ತಿರುವು ನೋಡೋಣ’ ಅಂತ ಎಲ್ಲರಿಗೂ ಅನ್ನಿಸುತ್ತದೆ. ಶೂ ಹಳೆಯದೇ ಇರಲಿ. ಹಿಮ್ಮಡಿ ಬಿಸಿಯಾದ ಹಾಗೆ ಅನ್ನಿಸಿದ ಕೂಡಲೇ ನಿಂತು ಪಟ್ಟಿ ಹಾಕಿಕೊಳ್ಳಿ, ಬೊಬ್ಬೆ ಏಳುವವರೆಗೆ ಕಾಯಬೇಡಿ.

ಚೀಲದಲ್ಲಿ ನೀರು, ತಿನ್ನೋಕೆ ಏನಾದರೂ, ಟಾರ್ಚು, ಮಳೆ ಕೋಟು, ಒಂದು ಸೀಟಿ. ನೀರು ತಲೆಗೆ ಗಂಟೆಗೆ ಅರ್ಧ ಲೀಟರ್ ಅಂತ ಇಟ್ಟುಕೋ, ಬಿಸಿಲಿದ್ದರೆ ಇನ್ನೂ ಜಾಸ್ತಿ. ಸೀಟಿಯನ್ನು ಮಗನ ಕೊರಳಿಗೆ ಹಾಕು. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಿದರೆ ‘ಸಹಾಯ ಬೇಕು’ ಅಂತ ಅರ್ಥ. ಆಟಕ್ಕೆ ಊದಬಾರದು ಅಂತಲೂ ಹೇಳು (ಊದುತ್ತಾನೆ ಬಿಡು). ಫೋನಿನಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೋ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆ ಫೋನಿನೊಳಗೆ ಇದ್ದರೆ ಸಾಕು. ಸಿಗ್ನಲ್ ಸಿಗದ ಕಡೆ ಅದನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿದುಹೋಗುತ್ತದೆ, ಹಾಗಾಗಿ ಏರೋಪ್ಲೇನ್ ಮೋಡಿನಲ್ಲಿಡು.

ಸಂರಕ್ಷಿತ ಕಾಡಿಗೆ ಅದರದೇ ನಿಯಮಗಳಿರುತ್ತವೆ. ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ, ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತಲೋ, ಮರ ಬಿದ್ದಿದೆ ಅಂತಲೋ ಯಾವ ಹಾದಿಯನ್ನಾದರೂ ಮುಚ್ಚಿದ್ದಾರಾ ಅಂತ ಮೊದಲೇ ಕೇಳಿಕೋ. ಹಣ್ಣಿನ ಸಿಪ್ಪೆಯನ್ನೂ ವಾಪಸ್ ತಾ. ದಾರಿಯಲ್ಲಿ ಕೆಸರು ಸಿಕ್ಕರೆ ಅದರ ನಡುವೆಯೇ ನಡೀರಿ. ಇದನ್ನು ಯಾರೂ ಒಪ್ಪುವುದಿಲ್ಲ, ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ. ಹಿಂದೆ ಬರುವವರು ಇನ್ನಷ್ಟು ಪಕ್ಕಕ್ಕೆ. ಒಬ್ಬರು ನಡೆಯುವಷ್ಟು ಕಾಲುದಾರಿ ಕೆಲವೇ ವರ್ಷಗಳಲ್ಲಿ ಗಾಡಿದಾರಿಯಷ್ಟು ಅಗಲವಾಗುತ್ತದೆ. ತುಳಿದ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಬೀಜ ಬಿದ್ದರೂ ಮೊಳೆಯುವುದಿಲ್ಲ. ಶೂ ಏನು, ಮನೆಗೆ ಬಂದು ತೊಳೆದರೆ ಆಯಿತು.

ಹುಲ್ಲಿನಲ್ಲಿ ಓಡಾಡಿದರೆ ಉಣುಗು ಹತ್ತುವುದೂ ಉಂಟು. ಹುಲ್ಲಿನ ತುದಿಯಲ್ಲಿ ಕಾಲು ಚಾಚಿಕೊಂಡು ಕಾಯುತ್ತಿರುತ್ತದೆ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಮಗನ ತಲೆಗೂದಲು ಎಲ್ಲ ನೋಡು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ, ನಿಧಾನಕ್ಕೆ ಎಳಿ. ಎಣ್ಣೆ ಹಚ್ಚೋದು, ಸುಡೋದು ಮಾಡಬೇಡ. ಆಮೇಲಿನ ದಿನಗಳಲ್ಲಿ ಜ್ವರವೋ ಗಂಧೆಯೋ ಕಂಡರೆ ಡಾಕ್ಟರಿಗೆ ತೋರಿಸು.

ಹೊರಡುವ ಹಿಂದಿನ ರಾತ್ರಿ ನನಗೊಂದು ಸಾಲು ಬರೆದು ಕಳಿಸು. ಯಾವ ಹಾದಿ, ಯಾರ‍್ಯಾರು, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ. ಆಚೆ ಬಂದ ಕೂಡಲೇ ಫೋನ್ ಮಾಡು. ಹೇಳಿದ ಹೊತ್ತಿಗೆ ಒಂದು ಗಂಟೆ ಜಾಸ್ತಿ ಕೊಡುತ್ತೇನೆ. ಅಷ್ಟರಲ್ಲೂ ಸುದ್ದಿ ಬರಲಿಲ್ಲ ಅಂದರೆ ನಾನೇ ಅರಣ್ಯದವರಿಗೆ ಫೋನ್ ಮಾಡುತ್ತೇನೆ. ಆಮೇಲೆ ಮಾವ ಮಾನ ತೆಗೆದ ಅಂತ ಅನ್ನಬೇಡ.

ಇತಿ,
ನಿನ್ನ ಸೋದರಮಾವ