ಎರಡು ದಿನದ ಕಂದು ಕಲೆ: ಗೆಳತಿಗೊಂದು ಪತ್ರ

ಪ್ರೀತಿಯ ಗೆಳತಿ,

ನಿನ್ನ ಮೆಸೇಜು ಎರಡು ಸಲ ಓದಿದೆ. ಕೊನೆಯ ಮುಟ್ಟು ಆಗಸ್ಟ್ 2ಕ್ಕೆ. ಆಮೇಲೆ ರಕ್ಷಣೆ ಇಲ್ಲದೆ ಕೂಡಿದ್ದು ಒಂದೇ ರಾತ್ರಿ, ಆಗಸ್ಟ್ 27. ಸೆಪ್ಟೆಂಬರ್ 5ಕ್ಕೆ ಕಂದು ಕಲೆ, ಮಾರನೇ ದಿನವೂ ಅಷ್ಟೇ, ಪ್ಯಾಡ್ ಬೇಕಾಗಲಿಲ್ಲ. 6ರ ಬೆಳಿಗ್ಗೆ ಬಸಿರು ನೋಡುವ ಕಿಟ್‌ನಲ್ಲಿ ಒಂದೇ ಗೆರೆ. ‘ಇದು ಮುಟ್ಟಾ, ಬಸಿರಾ?’ ಅಂತ ಕೇಳಿದ್ದೀಯ. ಇಷ್ಟರಲ್ಲಿ ಸದ್ಯಕ್ಕೆ ಕೆಲಸಕ್ಕೆ ಬರುವುದು ಆಗಸ್ಟ್ 27 ಅನ್ನುವ ತಾರೀಖು ಮಾತ್ರ ಕಣೇ. ಕಲೆಯ ಬಣ್ಣವನ್ನೂ ಕಿಟ್‌ನ ಆ ಒಂಟಿ ಗೆರೆಯನ್ನೂ ಸ್ವಲ್ಪ ಪಕ್ಕಕ್ಕಿಡು. ನಿನ್ನ ಹಾಗೆಯೇ ಒದ್ದಾಡುವವರು ಬಹಳ ಇದ್ದಾರೆ, ಹೆಸರು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕು ಅಂತ ನೀನೇ ಹೇಳಿದ್ದರಿಂದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನ ಹಿಂದಿನ ಮೂರು ಚಕ್ರ, ಅಂದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರವರೆಗೆ, 29, 42, 35 ದಿನ. ಅಂಡ ಬಿಡುಗಡೆಯಾದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ, ಆ ಎರಡನೇ ಅರ್ಧ ಹೆಚ್ಚು ಹಿಂದುಮುಂದಾಗುವುದಿಲ್ಲ. ಎಳೆದಾಡುವುದೆಲ್ಲ ಮೊದಲ ಅರ್ಧ. ಈ ಸಲದ್ದು 35 ದಿನದ ಚಕ್ರ ಅಂತಿಟ್ಟುಕೋ. ಆಗ ಅಂಡ ಹೊರಬಂದದ್ದು ಆಗಸ್ಟ್ 23ರ ಹೊತ್ತಿಗೆ. ಅಂಡ ಬದುಕುವುದು ಒಂದು ದಿನದೊಳಗೆ, ಹಾಗಾಗಿ 27ಕ್ಕೆ ಕೂಡಿದ್ದರಿಂದ ಏನೂ ಆಗಲಾರದು. 5ರ ಕಲೆ 6ಕ್ಕೆ ಬರಬೇಕಿದ್ದ ಮುಟ್ಟಿನ ಮುನ್ಸೂಚನೆ. ಅದೇ 42 ದಿನದ್ದು ಅಂತಿಟ್ಟುಕೋ. ಅಂಡ ಬಂದದ್ದು ಆಗಸ್ಟ್ 30ಕ್ಕೆ. ವೀರ್ಯಾಣು ಒಳಗೆ 5 ದಿನದವರೆಗೆ ಬದುಕಿರಬಲ್ಲದು, ಅಂದರೆ 27ರದ್ದು ಕಾದು ಕೂತಿರಬಹುದು. ಭ್ರೂಣ ಗರ್ಭಕೋಶದ ಒಳಪದರಕ್ಕೆ ನಾಟುವುದು ಅಂಡ ಬಂದ 6ರಿಂದ 12 ದಿನಕ್ಕೆ, ಹೆಚ್ಚಾಗಿ 8ರಿಂದ 10ನೇ ದಿನಕ್ಕೆ. ಆ ಲೆಕ್ಕಕ್ಕೆ ಸೆಪ್ಟೆಂಬರ್ 5 ಆರನೇ ದಿನ, ಅಂಚಿನಲ್ಲಿದೆ. ಒಂದೇ ಕಲೆ, ಚಕ್ರ ಬದಲಾದರೆ ಅರ್ಥವೂ ಬದಲು. ನೀನು ಯಾವ ಚಕ್ರದಲ್ಲಿದ್ದೀಯ ಅಂತ ಕಲೆ ನೋಡಿ ಯಾರಿಂದಲೂ ಹೇಳಲಾಗದು.

ನಾಟುವಾಗ ಬರುವ ರಕ್ತದ ವಿಷಯ ಮೊಬೈಲಿನಲ್ಲಿ ಬೇಕಾದಷ್ಟು ಓದಿರುತ್ತೀಯ: ತಿಳಿ ಗುಲಾಬಿ ಅಥವಾ ಕಂದು, ಕೆಲವು ಗಂಟೆಯಿಂದ ಎರಡು ದಿನ, ಗಡ್ಡೆ ಇರುವುದಿಲ್ಲ. ವರ್ಣನೆಯೇನೋ ಸರಿ. ಆದರೆ ಮುಟ್ಟಿನ ಹಿಂದಿನ ದಿನದ ಕಲೆಯೂ ಹೀಗೇ ಇರುತ್ತದೆ. ನಿಧಾನವಾಗಿ ಜಿನುಗಿ ಹೊರಬರುವ ಹೊತ್ತಿಗೆ ಹಳತಾದ ರಕ್ತ ಯಾವುದಾದರೂ ಕಂದಾಗುತ್ತದೆ. ಅಮೆರಿಕದಲ್ಲಿ ಹೆಂಗಸರಿಂದ ದಿನದಿನವೂ ಡೈರಿ ಬರೆಸಿ ಮಾಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. 151 ಗರ್ಭಿಣಿಯರಲ್ಲಿ ಮೊದಲ 8 ವಾರದೊಳಗೆ ರಕ್ತ ಕಂಡದ್ದು 14 ಮಂದಿಗೆ. ನಾಟಿದ ದಿನವೇ ಕಂಡದ್ದು ಬಹಳ ಅಪರೂಪ. ಹಾಗಾಗಿ ಕಲೆ ಕಂಡ ತಕ್ಷಣ ಬಸಿರು ಅನ್ನುವುದು ದುಡುಕು. ರಕ್ತ ಕಂಡಿತು, ಹಾಗಾದರೆ ಬಸಿರಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು, ಅದರ ವಿಷಯ ಮುಂದೆ ಹೇಳುತ್ತೇನೆ. ಕೂಡಿದ ಎರಡು ಮೂರು ದಿನಕ್ಕೇ ಕಂಡ ರಕ್ತವಂತೂ ಆ ಸಲದ ಬಸಿರಿನದ್ದಾಗಲು ಸಾಧ್ಯವಿಲ್ಲ, ನಾಟಲು ಇನ್ನೂ ಹೊತ್ತಾಗಿರುವುದಿಲ್ಲ. ಕೂಡಿದಾಗಲೆಲ್ಲ ರಕ್ತ ಬರುತ್ತಿದ್ದರೆ ಗರ್ಭಕೋಶದ ಬಾಯಿ ತೋರಿಸಿ, ಅಲ್ಲಿನ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಬೇಕು.

ಈಗ ಕಿಟ್. ‘ಡೇಟ್ ತಪ್ಪಿದ ಮೇಲೆ ನೋಡಿ’ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಡೇಟೇ ಗೊತ್ತಿಲ್ಲದವಳಿಗೆ ತಪ್ಪುವುದೇನು? ನಿನ್ನಂಥವರು ಎಣಿಸಬೇಕಾದ್ದು ಕೊನೆಯ ಸಲ ರಕ್ಷಣೆ ಇಲ್ಲದೆ ಕೂಡಿದ ದಿನದಿಂದ 21 ದಿನ. ಅದೂ ಸುಮ್ಮನೆ ಬಂದ ಸಂಖ್ಯೆಯಲ್ಲ: ವೀರ್ಯಾಣು ಕಾಯುವ 5 ದಿನ, ನಾಟಲು ಹೆಚ್ಚೆಂದರೆ 12 ದಿನ, ಎಚ್‌ಸಿಜಿ ಅನ್ನುವ ಹಾರ್ಮೋನು ಕಿಟ್‌ಗೆ ಸಿಗುವಷ್ಟು ಏರಲು ಮೂರ್ನಾಲ್ಕು ದಿನ. ನಿನಗೆ ಅದು ಸೆಪ್ಟೆಂಬರ್ 17. 6ಕ್ಕೆ ನೋಡಿದ್ದು ಕೂಡಿದ ಹತ್ತನೇ ದಿನಕ್ಕೆ. ಬಸಿರಾಗಿದ್ದರೂ ಒಂದೇ ಗೆರೆ ಬಂದಿರಬಹುದು.

ಮೆಡಿಕಲ್ ಶಾಪಿನ ಯಾವ ಕಂಪನಿಯದಾದರೂ ಆದೀತು. ಆಶಾ ಕಾರ್ಯಕರ್ತೆಯ ಹತ್ತಿರ ಸರ್ಕಾರದ ‘ನಿಶ್ಚಯ್’ ಕಿಟ್ ಇದ್ದರೆ ಅದೂ ಅದೇ ಕೆಲಸ ಮಾಡುತ್ತದೆ. ಎಕ್ಸ್‌ಪೈರಿ ನೋಡು. ಪೊಟ್ಟಣವನ್ನು ಆಗಲೇ ಹರಿ, ಹಿಂದಿನ ರಾತ್ರಿ ಹರಿದಿಟ್ಟರೆ ಪಟ್ಟಿ ತೇವ ಹಿಡಿಯುತ್ತದೆ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರವನ್ನು ತೊಳೆದು ಒಣಗಿಸಿದ ಲೋಟದಲ್ಲಿ ಹಿಡಿ. ರಾತ್ರಿ ಎದ್ದೆದ್ದು ನೀರು ಕುಡಿದಿರಬೇಡ, ತೆಳ್ಳಗಾದರೆ ಹಾರ್ಮೋನೂ ತೆಳ್ಳಗೆ. ಕಾರ್ಡನ್ನು ಸಮನಾದ ಜಾಗದಲ್ಲಿಟ್ಟು, ಡ್ರಾಪರ್ ನೆಟ್ಟಗೆ ಹಿಡಿದು, ‘ಎಸ್’ ಅಂತಿರುವ ಕುಳಿಯೊಳಗೆ, ಡಬ್ಬಿಯ ಮೇಲೆ ಬರೆದಷ್ಟೇ ಹನಿ ಬಿಡು, ಸಾಮಾನ್ಯವಾಗಿ ಎರಡು ಮೂರು. ಗುಳ್ಳೆ ಬಂದರೆ ಅದು ಹನಿಯ ಲೆಕ್ಕಕ್ಕಿಲ್ಲ. ಬಿಳಿ ಕಿಟಕಿಯಲ್ಲಿ ತಿಳಿಗುಲಾಬಿ ನೀರು ನಿಧಾನವಾಗಿ ಏರಿ ಹೋಗುವುದು ಕಾಣುತ್ತದೆ. ಮೊಬೈಲಿನಲ್ಲಿ ಐದು ನಿಮಿಷದ ಅಲಾರಂ ಇಟ್ಟು ಆಗ ಓದು. ‘ಸಿ’ಯಲ್ಲಿ ಗೆರೆ ಬರಲೇ ಇಲ್ಲವೆಂದರೆ ಕಿಟ್ ಕೆಟ್ಟಿದೆ, ಬೇರೆ ತಾ. ‘ಸಿ’ ಮತ್ತು ‘ಟಿ’ ಎರಡೂ ಇದ್ದು ‘ಟಿ’ ಎಷ್ಟೇ ಮಸುಕಾಗಿದ್ದರೂ, ಬಣ್ಣ ಇದ್ದರೆ ಅದು ಪಾಸಿಟಿವ್. ಹತ್ತು ನಿಮಿಷ ಕಳೆದ ಮೇಲೆ ಕಸದ ಬುಟ್ಟಿಯಿಂದ ಎತ್ತಿ ನೋಡಿದರೆ ಕಾಣುವ ಬೂದು ನೆರಳು ಒಣಗಿದ್ದರ ಗುರುತು, ಅದನ್ನು ಓದಬೇಡ. ಅನುಮಾನವಾದರೆ ಎರಡು ಮೂರು ದಿನ ಬಿಟ್ಟು ಮತ್ತೆ ಮಾಡು: ಶುರುವಿನಲ್ಲಿ ಎಚ್‌ಸಿಜಿ ಸುಮಾರು 48ರಿಂದ 72 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ, ಗೆರೆ ದಪ್ಪವಾಗಿರಬೇಕು. ಮೂತ್ರಕ್ಕೆ ಸಕ್ಕರೆ, ಟೂತ್‌ಪೇಸ್ಟ್ ಹಾಕಿ ನೊರೆ ನೋಡುವ ಆಟ ಬೇಡ, ನೊರೆಗೂ ಬಸಿರಿಗೂ ಸಂಬಂಧವೇ ಇಲ್ಲ.

ಆ್ಯಂಟಿಬಯಾಟಿಕ್, ಜ್ವರದ ಮಾತ್ರೆ ಕಿಟ್‌ಗೆ ಅಡ್ಡಿಯಾಗುವುದಿಲ್ಲ. ಮಕ್ಕಳಾಗಲೆಂದು ಎಚ್‌ಸಿಜಿ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಮಾತ್ರ ಸುಮಾರು ಎರಡು ವಾರ ಸುಳ್ಳು ಗೆರೆ ಬರಬಹುದು. ಗರ್ಭ ಹೋದ ಮೇಲೂ ಕೆಲವು ವಾರ ಗೆರೆ ಉಳಿಯುತ್ತದೆ.

ನೀನು ಬರೆಯದೇ ಬಿಟ್ಟಿದ್ದು ಒಂದಿದೆ. ಈ ನಡುವೆ ಯಾವುದಾದರೂ ಮಾತ್ರೆ ನುಂಗಿದೆಯಾ? ಏರುಪೇರಿನ ರಕ್ತಕ್ಕೆ ಇದು ತೀರಾ ಸಾಮಾನ್ಯ ಕಾರಣ, ಆದರೆ ಯಾರೂ ತಾವಾಗಿ ಹೇಳುವುದಿಲ್ಲ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ನುಂಗುವ ನೊರೆಥಿಸ್ಟೆರೋನ್ ನಡುವೆ ಒಂದೆರಡು ಡೋಸ್ ಮರೆತರೆ ಕಲೆ ಕಾಣುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಿನಂತೆ ರಕ್ತ ಬರುತ್ತದೆ. ಬರದಿದ್ದರೆ ಕಿಟ್ ಮಾಡಬೇಕು. ಬಸಿರಾಗದಿರಲಿ ಅಂತ ಕೂಡಿದ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯೂ ಹಾಗೇ. ಒಂದು ವಾರದೊಳಗೆ ರಕ್ತ ಕಂಡು ‘ಸದ್ಯ, ಕೆಲಸ ಮಾಡಿತು’ ಅಂದುಕೊಳ್ಳುವವರಿದ್ದಾರೆ. ಅದು ಹಾರ್ಮೋನಿನ ಅಲುಗಾಟ ಅಷ್ಟೇ, ಏನನ್ನೂ ಸಾಬೀತು ಮಾಡುವುದಿಲ್ಲ, 21 ದಿನದ ಕಿಟ್ ತಪ್ಪುವುದಿಲ್ಲ. ಬಸಿರು ತಡೆಯಲು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ‘ಅಂತರಾ’ ಇಂಜೆಕ್ಷನ್, ‘ಛಾಯಾ’ ಮಾತ್ರೆ, ಕಾಪರ್-ಟಿ ಮೂರೂ ಮೊದಲ ತಿಂಗಳುಗಳಲ್ಲಿ ಮುಟ್ಟನ್ನು ಕದಡುತ್ತವೆ.

ರಕ್ತ ಕಂಡರೂ ಬಸಿರಿರಬಹುದು ಅಂತ ಒತ್ತಿ ಹೇಳಿದ್ದಕ್ಕೆ ದೊಡ್ಡ ಕಾರಣ ಗರ್ಭನಾಳದ ಬಸಿರು. ನೂರು ಬಸಿರಲ್ಲಿ ಒಂದೆರಡು ಗರ್ಭಕೋಶ ಬಿಟ್ಟು ನಾಳದಲ್ಲೇ ಬೆಳೆಯತೊಡಗುತ್ತವೆ. ಕಿಟ್‌ನಲ್ಲಿ ಎರಡು ಗೆರೆಯೇ ಬರುತ್ತದೆ. ಕಂದು ಕಲೆ ಬಿಟ್ಟು ಬಿಟ್ಟು ಕಾಣುತ್ತಿರುತ್ತದೆ, ಹೆಂಗಸು ಮುಟ್ಟೇ ಕೆಟ್ಟಿದೆ ಅಂದುಕೊಂಡಿರುತ್ತಾಳೆ. ಕೆಳಹೊಟ್ಟೆಯ ಒಂದೇ ಪಕ್ಕ ಹಿಡಿದುಕೊಂಡಂತೆ ನೋವು, ಭುಜದ ತುದಿಯಲ್ಲಿ ನೋವು, ಎದ್ದರೆ ಕಣ್ಣು ಕತ್ತಲೆ, ಇವು ಬಂದರೆ ಬೆಳಗಾಗಲಿ ಅಂತ ಕಾಯಬಾರದು, 108ಕ್ಕೆ ಫೋನ್ ಮಾಡು. ಭುಜದ ನೋವು ವಿಚಿತ್ರ ಅನ್ನಿಸಬಹುದು: ಒಳಗೆ ಸುರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಗುಲಿದರೆ ಅದೇ ನರದ ದಾರಿಯಲ್ಲಿ ನೋವು ಭುಜಕ್ಕೆ ಬಂದಂತೆ ಅನ್ನಿಸುತ್ತದೆ. ಸ್ಕ್ಯಾನ್ ಇಲ್ಲದೆ ಮೆಡಿಕಲ್ ಶಾಪಿನಿಂದ ಗರ್ಭ ತೆಗೆಯುವ ಮಾತ್ರೆ ತಂದು ನುಂಗಿದರೆ ಇಲ್ಲೇ ಅನಾಹುತ: ರಕ್ತ ಹೋಗುತ್ತದೆ, ಆಯ್ತು ಅನ್ನಿಸುತ್ತದೆ, ನಾಳದಲ್ಲಿರುವುದು ಹಾಗೇ ಬೆಳೆಯುತ್ತದೆ. ಪಕ್ಕ ನೋವು ಏನಿಲ್ಲದಿದ್ದರೂ ಗಂಟೆಗೊಂದು ಪ್ಯಾಡ್ ನೆನೆದು ಎರಡು ಗಂಟೆ ಹಾಗೇ ಮುಂದುವರಿದರೆ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಮೇಲಿಂದ ಮೇಲೆ ಬಿದ್ದರೆ, ಜ್ವರ ಬಂದರೆ, ಆಗಲೂ ಆಸ್ಪತ್ರೆಗೇ.

17ರವರೆಗೆ ಹೊಟ್ಟೆನೋವಿಗೆ ಮೆಫ್ಟಾಲ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ‘ಮುಟ್ಟು ಬರಿಸುವ ಮಾತ್ರೆ’ ಕೊಡಿ ಅಂತ ಅಂಗಡಿಯವನ ಹತ್ತಿರ ಕೇಳಬೇಡ, ಬಸಿರಿಲ್ಲ ಅಂತ ಖಾತ್ರಿಯಾಗದೆ ಅದನ್ನು ಯಾರೂ ಕೊಡಬಾರದು. ಮಗು ಬೇಕೆನ್ನುವ ಮನಸ್ಸಿದ್ದರೆ ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ದಿನಕ್ಕೊಂದು ಈಗಿನಿಂದಲೇ ಶುರುಮಾಡಬಹುದು.

ಪಾಸಿಟಿವ್ ಬಂದರೆ ಡಾಕ್ಟರ್ ಮೊದಲು ಕೇಳುವುದು ಕೊನೆಯ ಮುಟ್ಟಿನ ತಾರೀಖು. ಆಗಸ್ಟ್ 2 ಅನ್ನು. ಸೆಪ್ಟೆಂಬರ್ 5ರ ಕಲೆಯನ್ನು ಬೇರೆಯಾಗಿ ಹೇಳು. ಕಲೆಯನ್ನೇ ಮುಟ್ಟು ಅಂತ ಬರೆಸಿದರೆ ತಿಂಗಳ ಲೆಕ್ಕ ಒಂದು ತಿಂಗಳಷ್ಟು ತಪ್ಪುತ್ತದೆ. ನಿನ್ನ ಚಕ್ರ ಉದ್ದವಾದ್ದರಿಂದ ಆಗಸ್ಟ್ 2ರ ಲೆಕ್ಕವೂ ಒಂದೆರಡು ವಾರ ಆಚೀಚೆ ಆಗಬಹುದು, ಅದನ್ನು ಸ್ಕ್ಯಾನ್ ಸರಿಮಾಡುತ್ತದೆ. ಗರ್ಭಚೀಲ ಕಾಣುವುದು ಐದನೇ ವಾರದ ಹೊತ್ತಿಗೆ, ಎದೆಬಡಿತ ಆರು ದಾಟಿದ ಮೇಲೆ. ಮೊದಲ ಸ್ಕ್ಯಾನ್‌ನಲ್ಲಿ ಬಡಿತ ಕಾಣಲಿಲ್ಲ ಅಂತ ಗಾಬರಿಬೀಳಬೇಡ, ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ನಿನ್ನ ಬ್ಲಡ್ ಗ್ರೂಪ್ ನೆಗೆಟಿವ್ ಇದ್ದರೆ ಮೊದಲೇ ಹೇಳು, ರಕ್ತ ಹೋದಾಗ ಆ್ಯಂಟಿ-ಡಿ ಇಂಜೆಕ್ಷನ್ ಬೇಕೇ ಅಂತ ಅವರು ನಿರ್ಧರಿಸಬೇಕಾಗುತ್ತದೆ, ಬೇಕಿದ್ದರೆ 72 ಗಂಟೆಯೊಳಗೆ ಕೊಡಬೇಕು.

17ಕ್ಕೂ ನೆಗೆಟಿವ್ ಬಂದರೆ ಬಸಿರಿನ ಪ್ರಶ್ನೆ ಮುಗಿಯಿತು, ಮುಟ್ಟಿನದ್ದು ಉಳಿಯಿತು. 24ರಿಂದ 38 ದಿನದೊಳಗಿನ ಚಕ್ರ ಸಹಜ; 29ಕ್ಕೂ 42ಕ್ಕೂ ಇರುವ 13 ದಿನದ ಅಂತರ ಹೆಚ್ಚಾಯಿತು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್ ರಕ್ತಪರೀಕ್ಷೆ, ಒಂದು ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ, ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇದೆಯಾ ನೋಡುತ್ತಾರೆ. ಹೋಗುವಾಗ ಅಡುಗೆಮನೆಯ ಗೋಡೆ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಹೋಗು. ಕಲೆ ಕಂಡ ದಿನ ಚುಕ್ಕಿ, ಪ್ಯಾಡ್ ಬೇಕಾದ ದಿನ ಸುತ್ತು ಹಾಕು. ಮೊದಲ ಸುತ್ತೇ ಮುಟ್ಟಿನ ಒಂದನೇ ದಿನ.

17ರ ಬೆಳಿಗ್ಗೆ ಕಿಟ್ ಮಾಡಿ, ಐದು ನಿಮಿಷ ಆದಾಗ ತೆಗೆದ ಫೋಟೋ ಕಳಿಸು. ಅದಕ್ಕೂ ಮೊದಲೇ ಪಕ್ಕ ನೋವು ಬಂದರೆ ನನಗೆ ಮೆಸೇಜು ಬರೆಯುತ್ತ ಕೂರಬೇಡ, ಆಸ್ಪತ್ರೆಯಿಂದ ಫೋನ್ ಮಾಡು.

ನಿನ್ನ ಗೆಳತಿ